ಬಡಾವಣೆಯ ಏಳಿಗೆಗೆ ಪಾಲಿಕೆಯ ಹಣ: ಮಿನಿಯಾಪೊಲಿಸ್ ಮಾಡಿದ್ದೇನು, ಮೈಸೂರಿನಲ್ಲಿ ಆಗುವುದೇನು?

ಪ್ರಶ್ನೆ: ನಮ್ಮದು ಮೈಸೂರಿನ ಹಳೆಯ ಬಡಾವಣೆ. ಉದ್ಯಾನಕ್ಕೆ ಬೀಗ ಬಿದ್ದು ವರ್ಷಗಳಾಗಿವೆ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿ ಕಸದ ರಾಶಿಯಾಗಿದೆ. ಜೋರು ಮಳೆ ಬಂದರೆ ಚರಂಡಿ ನೀರು ರಸ್ತೆಗೆ ಬರುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ನನ್ನ ತಮ್ಮ, ಅಲ್ಲಿ ಬಡಾವಣೆಯ ಜನರೇ ಕೂತು ಯೋಜನೆ ಮಾಡಿ ನಗರಾಡಳಿತದ ಹಣದಿಂದ ಕೆಲಸ ಮಾಡಿಸಿಕೊಂಡಿದ್ದಾರೆ ಎನ್ನುತ್ತಾನೆ. ಇದು ನಿಜವೇ? ನಿಜವಾದರೆ ಅದರಿಂದ ಒಳ್ಳೆಯದಾಯಿತೇ? ನಮ್ಮ ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೇ? ನಿವಾಸಿಗಳ ಸಂಘದಲ್ಲಿ ವಂತಿಗೆಯಿಂದ ಬಂದ ಸ್ವಲ್ಪ ಹಣವಿದೆ. ಅದನ್ನು ಉದ್ಯಾನದ ಕಾಂಪೌಂಡಿಗೆ ಹಾಕಬಹುದೇ?

ಉತ್ತರ: ನಿಮ್ಮ ತಮ್ಮ ಹೇಳಿರುವುದು ನಿಜ. ಆ ಕಾರ್ಯಕ್ರಮದ ಹೆಸರು ನೇಬರ್‌ಹುಡ್ ರಿವೈಟಲೈಸೇಷನ್ ಪ್ರೋಗ್ರಾಂ. ಅಲ್ಲಿಯ ಜನ ಅದನ್ನು ಎನ್‌ಆರ್‌ಪಿ ಎಂದೇ ಕರೆಯುತ್ತಿದ್ದರು. ಒಳ್ಳೆಯದಾಯಿತೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬಹುಮಟ್ಟಿಗೆ ಆಯಿತು, ಆದರೆ ಎಲ್ಲರಿಗೂ ಸಮನಾಗಿ ಆಗಲಿಲ್ಲ ಎಂಬುದು. ನಮ್ಮ ಕಾನೂನಿನಲ್ಲಿ ನಿವಾಸಿಗಳು ಯೋಜನೆ ರೂಪಿಸುವುದಕ್ಕೆ ಅವಕಾಶ ಸ್ಪಷ್ಟವಾಗಿಯೇ ಇದೆ; ಇಲ್ಲದಿರುವುದು ಆ ಯೋಜನೆಗೆಂದು ಮೊದಲೇ ಎತ್ತಿಟ್ಟ ಹಣ. ಈ ವ್ಯತ್ಯಾಸವನ್ನು ಸರಿಯಾಗಿ ಗ್ರಹಿಸಿದರೆ ನಿಮ್ಮ ಸಂಘ ಎಲ್ಲಿ ಒತ್ತಾಯ ಹಾಕಬೇಕು ಎಂಬುದು ತಿಳಿಯುತ್ತದೆ. ಆದ್ದರಿಂದ ಮಿನಿಯಾಪೊಲಿಸ್‌ನ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1950ರಲ್ಲಿ ಮಿನಿಯಾಪೊಲಿಸ್‌ನ ಜನಸಂಖ್ಯೆ 5,21,718 ಇತ್ತು. 1990ರ ಗಣತಿಯ ಹೊತ್ತಿಗೆ ಅದು 3,68,383ಕ್ಕೆ ಇಳಿದಿತ್ತು. ಅನುಕೂಲವಂತರು ಉಪನಗರಗಳಿಗೆ ಹೋದರು, ಹಳೆಯ ಬಡಾವಣೆಗಳ ಮನೆಗಳು ದುರಸ್ತಿಯಿಲ್ಲದೆ ಸೊರಗಿದವು, ಕೆಲವು ಕಡೆ ಅಂಗಡಿಬೀದಿಗಳೇ ಖಾಲಿಯಾದವು. ಇದೇ ಅವಧಿಯಲ್ಲಿ ನಗರದ ನಡುಭಾಗದ ವ್ಯಾಪಾರ ಕೇಂದ್ರಕ್ಕೆ ಸಾರ್ವಜನಿಕ ಹಣ ಧಾರಾಳವಾಗಿ ಹರಿಯಿತು. ಎತ್ತರದ ಕಚೇರಿ ಕಟ್ಟಡಗಳು, ಹೋಟೆಲುಗಳು, ಸಮಾವೇಶ ಭವನ ಎದ್ದವು. ತೆರಿಗೆ ಕಟ್ಟುವ ಬಡಾವಣೆಗಳ ಜನ, ನಮ್ಮ ಪಾಲು ಎಲ್ಲಿ ಎಂದು ಕೇಳತೊಡಗಿದರು. 1980ರ ದಶಕದ ಕೊನೆಯಲ್ಲಿ ನಗರಾಡಳಿತವೇ ನೇಮಿಸಿದ ಕಾರ್ಯಪಡೆಯೊಂದು, ಎಲ್ಲ ಬಡಾವಣೆಗಳನ್ನು ಸುಸ್ಥಿತಿಗೆ ತರಲು 300 ಕೋಟಿ ಡಾಲರ್‌ಗೂ ಹೆಚ್ಚು ಬೇಕೆಂದು ಅಂದಾಜು ಮಾಡಿತು. ಅಷ್ಟು ಹಣ ಯಾವ ನಗರದ ಬಳಿಯೂ ಇರುವುದಿಲ್ಲ. ಎಲ್ಲವನ್ನೂ ಮಾಡಲಾಗದು ಎಂದಾದಾಗ, ಯಾವುದನ್ನು ಮೊದಲು ಮಾಡಬೇಕೆಂದು ಅಲ್ಲಿ ವಾಸಿಸುವವರೇ ಹೇಳಲಿ ಎಂಬ ವಿಚಾರ ಮುಂದೆ ಬಂತು. 1990ರಲ್ಲಿ ಮಿನ್ನೆಸೋಟ ರಾಜ್ಯದ ಶಾಸನಸಭೆ ಇದಕ್ಕೆ ಕಾನೂನಿನ ಆಧಾರ ಒದಗಿಸಿತು. ವರ್ಷಕ್ಕೆ 2 ಕೋಟಿ ಡಾಲರ್‌ನಂತೆ 20 ವರ್ಷ, ಒಟ್ಟು 40 ಕೋಟಿ ಡಾಲರ್ ಕೊಡುವುದು ಮೂಲ ಸಂಕಲ್ಪವಾಗಿತ್ತು.

ಈ ಹಣದ ಮೂಲವನ್ನು ತಿಳಿದುಕೊಳ್ಳುವುದು ಅಗತ್ಯ, ಏಕೆಂದರೆ ಕಾರ್ಯಕ್ರಮದ ಬಲವೂ ಮುಂದೆ ಅದು ಸೊರಗಿದ್ದರ ಕಾರಣವೂ ಅಲ್ಲಿಯೇ ಇದೆ. ಒಂದು ಪ್ರದೇಶದ ಆಸ್ತಿಗಳಿಂದ ಈಗ ವರ್ಷಕ್ಕೆ 10 ಲಕ್ಷ ತೆರಿಗೆ ಬರುತ್ತಿದೆ ಎಂದು ಇಟ್ಟುಕೊಳ್ಳೋಣ. ನಗರಾಡಳಿತ ಅಲ್ಲಿ ಹಣ ಹೂಡಿದ ಮೇಲೆ ಹೊಸ ಕಟ್ಟಡಗಳು ಎದ್ದು ತೆರಿಗೆ 50 ಲಕ್ಷಕ್ಕೆ ಏರುತ್ತದೆ. ಮೊದಲಿನ 10 ಲಕ್ಷ ಎಂದಿನಂತೆ ಎಲ್ಲ ಬಾಬ್ತುಗಳಿಗೆ ಹೋಗುತ್ತದೆ; ಹೆಚ್ಚುವರಿಯಾಗಿ ಬಂದ 40 ಲಕ್ಷವನ್ನು ಮಾತ್ರ ಪ್ರತ್ಯೇಕ ಖಾತೆಯಲ್ಲಿಟ್ಟು ಅಭಿವೃದ್ಧಿಗೆ ಬಳಸಲಾಗುತ್ತದೆ. ಮಿನಿಯಾಪೊಲಿಸ್‌ನಲ್ಲಿ ನಡುನಗರದ ಯೋಜನೆಗಳಿಂದ ಹೀಗೆ ಬಂದ ಹೆಚ್ಚುವರಿ ತೆರಿಗೆಯನ್ನು ಬಡಾವಣೆಗಳ ಕಡೆಗೆ ತಿರುಗಿಸಿದರು. ಸಾರ್ವಜನಿಕ ಹಣದಿಂದ ಬೆಳೆದ ವ್ಯಾಪಾರ ಕೇಂದ್ರ ತನ್ನ ಹೆಚ್ಚಳದ ಪಾಲನ್ನು ಊರಿನ ಉಳಿದ ಭಾಗಕ್ಕೆ ಕೊಟ್ಟಿತು. ನಗರ ಹಣಕಾಸಿನಲ್ಲಿ ನಾನು ಕಂಡ ನ್ಯಾಯಯುತವಾದ ಏರ್ಪಾಡುಗಳಲ್ಲಿ ಇದೂ ಒಂದು.

ಇನ್ನು ಕೆಲಸ ನಡೆಯುತ್ತಿದ್ದ ಬಗೆ. ನಗರದ 80ಕ್ಕೂ ಹೆಚ್ಚು ಬಡಾವಣೆಗಳಲ್ಲಿ ಪ್ರತಿಯೊಂದರ ಸಂಘವೂ ಮೊದಲು ಕಾರ್ಯಕ್ರಮದ ಕಚೇರಿಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಯಾರನ್ನು ಹೇಗೆ ಸಂಪರ್ಕಿಸುತ್ತೇವೆ, ಸಭೆಗೆ ಬಾರದವರ ಅಭಿಪ್ರಾಯವನ್ನು ಹೇಗೆ ಪಡೆಯುತ್ತೇವೆ ಎಂಬುದನ್ನು ಅದರಲ್ಲಿ ಬರೆದುಕೊಡಬೇಕಿತ್ತು. ಆಮೇಲೆ ಮನೆ ಮನೆ ಸಮೀಕ್ಷೆ, ಸಣ್ಣ ಗುಂಪುಗಳ ಮಾತುಕತೆ, ಕರಡು ಯೋಜನೆ, ಬಡಾವಣೆಯ ಸಭೆಯಲ್ಲಿ ಮತದಾನ; ಅಲ್ಲಿಂದ ಮುಂದೆ ಇಲಾಖೆಗಳ ಪರಿಶೀಲನೆ, ನೀತಿ ಮಂಡಳಿಯ ಒಪ್ಪಿಗೆ, ಕೊನೆಗೆ ನಗರಸಭೆಯ ಮಂಜೂರಾತಿ. ಆ ನೀತಿ ಮಂಡಳಿಯಲ್ಲಿ ನಗರಾಡಳಿತದ ಜೊತೆಗೆ ಉದ್ಯಾನ ಮಂಡಳಿ, ಶಾಲಾ ಮಂಡಳಿ, ಗ್ರಂಥಾಲಯ ಮಂಡಳಿ, ಹೆನ್ನೆಪಿನ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆಡಳಿತ ಮತ್ತು ಬಡಾವಣೆಗಳ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. ಪೂರ್ಣ ಯೋಜನೆ ಸಿದ್ಧವಾಗಲು ಕೆಲವು ಕಡೆ ವರ್ಷಗಳೇ ಹಿಡಿಯುತ್ತಿದ್ದುದರಿಂದ, ಜನರ ಉತ್ಸಾಹ ಬತ್ತದಿರಲೆಂದು ಕಣ್ಣಿಗೆ ಕಾಣುವ ಸಣ್ಣ ಕೆಲಸಗಳಿಗೆ ಆರಂಭದಲ್ಲಿಯೇ ಒಂದಿಷ್ಟು ಹಣ ಬಿಡುಗಡೆ ಮಾಡುವ ‘ಮೊದಲ ಹೆಜ್ಜೆ’ ಯೋಜನೆಗಳೂ ಇದ್ದವು.

ಹಣದ ದೊಡ್ಡ ಪಾಲು ಹೋದದ್ದು ಮನೆಗಳಿಗೆ. ಕನಿಷ್ಠ 52.5 ಶೇಕಡಾ ಹಣ ವಸತಿಗೇ ಹೋಗಬೇಕೆಂದು ಕಾನೂನು ಹೇಳಿತ್ತು. ಇಲ್ಲಿ ಬಡಾವಣೆಗಳು ತೋರಿದ ಜಾಣ್ಮೆಯೊಂದನ್ನು ಗಮನಿಸಬೇಕು. ಅನೇಕ ಸಂಘಗಳು ಹಣವನ್ನು ಪೂರಾ ಅನುದಾನವಾಗಿ ಹಂಚಿಬಿಡಲಿಲ್ಲ. ಛಾವಣಿ, ಕಿಟಕಿ, ನೀರಿನ ಕೊಳವೆಗಳ ದುರಸ್ತಿಗೆ ಕಡಿಮೆ ಬಡ್ಡಿಯ ಸಾಲವಾಗಿ ಕೊಟ್ಟವು. ಒಂದು ಮನೆಯವರು ತೀರಿಸಿದ ಕಂತು ಇನ್ನೊಂದು ಮನೆಯ ಸಾಲವಾಯಿತು. ಬೀದಿಯಲ್ಲಿ ನಾಲ್ಕು ಮನೆಗಳಿಗೆ ಬಣ್ಣ ಬಿದ್ದರೆ ಐದನೆಯವರೂ ತಮ್ಮ ಕೈಯಿಂದಲೇ ಹಣ ಹಾಕಿ ದುರಸ್ತಿಗೆ ತೊಡಗುತ್ತಾರೆ. ಉದ್ಯಾನಗಳು, ಆಟದ ಮೈದಾನಗಳು, ಅಂಗಡಿಬೀದಿಗಳ ಮುಂಭಾಗ, ಶಾಲೆಗಳಿಗೆ ಸೇರಿಕೊಂಡಂತೆ ಸಮುದಾಯದ ಕೊಠಡಿಗಳು ಇವೂ ಆದವು.

ಈ ಯಶಸ್ಸಿಗೆ ಜನರ ಉತ್ಸಾಹವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಉತ್ಸಾಹ ಎಲ್ಲ ಊರುಗಳಲ್ಲೂ ಇದೆ. ನಿಮ್ಮ ಬಡಾವಣೆಯಲ್ಲೂ ಇದೆ. ಹಣ ಬರುವುದು ಖಚಿತ, ಒಂದು ವರ್ಷಕ್ಕಲ್ಲ, ಹಲವು ವರ್ಷಗಳಿಗೆ ಎಂದು ಗೊತ್ತಿದ್ದುದರಿಂದ ಜನ ಸಂಜೆಯ ಸಭೆಗಳಿಗೆ ಬಂದರು. ಬೇಡಿಕೆ ಪಟ್ಟಿ ಬರೆಯುವುದಕ್ಕೂ ಯೋಜನೆ ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎಷ್ಟು ಹಣವಿದೆ ಎಂದು ಗೊತ್ತಿಲ್ಲದಾಗ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ, ಅಧಿಕಾರಿ ಅದನ್ನು ಕಡತಕ್ಕೆ ಸೇರಿಸಿ ಮರೆಯುತ್ತಾರೆ. ಇಷ್ಟೇ ಹಣ ಎಂದು ಗೊತ್ತಾದಾಗ ಚರಂಡಿಯೋ ಉದ್ಯಾನವೋ ಎಂದು ನೆರೆಹೊರೆಯವರು ಪರಸ್ಪರ ವಾದಿಸಿ ತೀರ್ಮಾನಕ್ಕೆ ಬರಲೇಬೇಕಾಗುತ್ತದೆ. ಜೊತೆಗೆ, ಸಂಘಗಳಿಗೆ ಸಂಬಳದ ಸಿಬ್ಬಂದಿಯನ್ನು ಇಟ್ಟುಕೊಳ್ಳಲು ಕಾರ್ಯಕ್ರಮದ ಹಣವನ್ನೇ ಬಳಸಬಹುದಿತ್ತು. ಕಡತದ ಹಿಂದೆ ಓಡಾಡುವ ಕೆಲಸ ನಿವೃತ್ತರ ಪುರುಸೊತ್ತಿನ ಮೇಲೆ ಮಾತ್ರ ನಿಂತಿರಲಿಲ್ಲ.

ಕೊರತೆ ಎಲ್ಲಿತ್ತು? ಸಭೆಗೆ ಬಂದವರಲ್ಲಿ ಹೆಚ್ಚಿನವರು ಸ್ವಂತ ಮನೆಯುಳ್ಳವರು. ಮಿನಿಯಾಪೊಲಿಸ್‌ನ ಸುಮಾರು ಅರ್ಧದಷ್ಟು ಕುಟುಂಬಗಳು ಬಾಡಿಗೆ ಮನೆಗಳಲ್ಲಿದ್ದರೂ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಬಾಡಿಗೆದಾರರು, ಕಪ್ಪು ಜನರು, ಹೊಸದಾಗಿ ಬಂದ ವಲಸಿಗರು ತಮ್ಮ ಸಂಖ್ಯೆಗೆ ತಕ್ಕಷ್ಟು ಇರಲಿಲ್ಲ. ಪರಿಣಾಮವಾಗಿ ವಸತಿಯ ಹಣ ಮನೆ ಮಾಲೀಕರ ದುರಸ್ತಿ ಸಾಲಗಳ ಕಡೆಗೆ ವಾಲಿತು. ಕೆಲವು ಬಡಾವಣೆಗಳಲ್ಲಿ ಕಡಿಮೆ ಬಾಡಿಗೆಯ ಮನೆಗಳು ಹೆಚ್ಚುವುದನ್ನು ಸಂಘವೇ ವಿರೋಧಿಸಿದ ಸಂದರ್ಭಗಳೂ ಇದ್ದವು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವವರು ಸಂಜೆ ಏಳರ ಸಭೆಗೆ ಬರಲಾರರು. ಬಾರದವರ ಅಗತ್ಯ ಯೋಜನೆಯ ಹಾಳೆಗೆ ತಾನಾಗಿ ಬರುವುದಿಲ್ಲ.

2001ರಲ್ಲಿ ರಾಜ್ಯ ಸರ್ಕಾರ ಆಸ್ತಿ ತೆರಿಗೆಯ ಪದ್ಧತಿಯನ್ನು ಬದಲಿಸಿ ವಾಣಿಜ್ಯ ಆಸ್ತಿಗಳ ಮೇಲಿನ ಹೊರೆಯನ್ನು ಇಳಿಸಿದಾಗ, ನಡುನಗರದಿಂದ ಬರುತ್ತಿದ್ದ ಹೆಚ್ಚುವರಿ ತೆರಿಗೆಯೂ ಕುಗ್ಗಿತು. ಕಾರ್ಯಕ್ರಮದ ಎರಡನೆಯ ಹಂತದಲ್ಲಿ, ಅಂದರೆ ಕೊನೆಯ ಹತ್ತು ವರ್ಷಗಳಲ್ಲಿ, ಬಡಾವಣೆಗಳಿಗೆ ಮೊದಲು ಹೇಳಿದ್ದಕ್ಕಿಂತ ಬಹಳ ಕಡಿಮೆ ಹಣ ಸಿಕ್ಕಿತು. 2011ರ ಹೊತ್ತಿಗೆ ಪ್ರತ್ಯೇಕ ಕಾರ್ಯಕ್ರಮವಾಗಿ ಅದು ಮುಗಿದು, ಉಳಿದ ಕೆಲಸ ನಗರಾಡಳಿತದ ಇಲಾಖೆಯೊಂದರ ಕೈಗೆ ಹೋಯಿತು. ಆಮೇಲಿನ ವರ್ಷಗಳಲ್ಲಿ ಸಂಘಗಳಿಗೆ ಕೊಡುವ ಹಣಕ್ಕೆ, ಸಭೆಗೆ ಬಾರದ ವರ್ಗಗಳನ್ನು ಒಳಗೊಳ್ಳಬೇಕೆಂಬ ಷರತ್ತು ಬಿಗಿಯಾಯಿತು.

ಈಗ ಮೈಸೂರಿಗೆ ಬರೋಣ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಅದರ 243ಎಸ್ ವಿಧಿ ಹೇಳುತ್ತದೆ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ಕ್ಕೆ 2011ರಲ್ಲಿ ತಂದ ತಿದ್ದುಪಡಿ ಪ್ರತಿ ವಾರ್ಡಿಗೊಂದು ಸಮಿತಿಯನ್ನೂ ಅದರ ಕೆಳಗೆ ಪ್ರದೇಶ ಸಭೆಗಳನ್ನೂ ಕಲ್ಪಿಸಿತು. ನಿಯಮಗಳು ಬಂದದ್ದು 2016ರಲ್ಲಿ. ಪಾಲಿಕೆ ಸದಸ್ಯರೇ ಅಧ್ಯಕ್ಷರು. ನಾಮನಿರ್ದೇಶಿತ ಹತ್ತು ಮಂದಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು. ವಾರ್ಡಿನ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದೂ ಕಾಮಗಾರಿಗಳ ಮೇಲೆ ನಿಗಾ ಇಡುವುದೂ ಸಮಿತಿಯ ಕರ್ತವ್ಯ. ಕಾಗದದ ಮೇಲೆ ಇದು ಮಿನಿಯಾಪೊಲಿಸ್‌ನ ವ್ಯವಸ್ಥೆಗಿಂತ ಒಂದು ವಿಷಯದಲ್ಲಿ ಉತ್ತಮ: ಯಾರು ಮೇಜಿನ ಬಳಿ ಇರಬೇಕು ಎಂಬುದನ್ನು ಕಾನೂನೇ ಹೇಳಿದೆ. ಆದರೆ ಬೆಂಗಳೂರು, ಮಂಗಳೂರುಗಳಲ್ಲಿ ಕೂಡ ಈ ಸಮಿತಿಗಳು ರಚನೆಯಾಗಲು ನಾಗರಿಕರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮೈಸೂರಿನಲ್ಲಿ 2023ರ ನವೆಂಬರ್‌ನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿದ ಮೇಲೆ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸದಸ್ಯರೇ ಇಲ್ಲದಾಗ ಅವರ ಅಧ್ಯಕ್ಷತೆಯ ಸಮಿತಿಗೆ ನೆಲೆಯಿಲ್ಲ. ಇದು ನಿವಾಸಿಗಳಿಗೆ ಆಗಿರುವ ದೊಡ್ಡ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಸಮಿತಿ ಇರಲಿ ಬಿಡಲಿ, ನಿಮ್ಮ ಬಡಾವಣೆಯ ಕೆಲಸಕ್ಕೆ ಬಳಸಬಹುದಾದ ಹಣ ಪಾಲಿಕೆಯ ಲೆಕ್ಕದಲ್ಲಿ ಹಲವು ಶೀರ್ಷಿಕೆಗಳಲ್ಲಿ ಹಂಚಿಹೋಗಿರುತ್ತದೆ. ಆಸ್ತಿ ತೆರಿಗೆ ಮುಖ್ಯವಾದ ಪಾಲಿಕೆ ನಿಧಿ ಒಂದು. ರಾಜ್ಯ ಹಣಕಾಸು ಆಯೋಗದ ಅನುದಾನ, ಅಂದರೆ ಕಚೇರಿಯಲ್ಲಿ ಎಸ್‌ಎಫ್‌ಸಿ ಎನ್ನುವುದು, ಇನ್ನೊಂದು. ಕೇಂದ್ರದ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಹೆಚ್ಚಿನ ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಡಲಾಗಿತ್ತು. ಆದ್ದರಿಂದ ಕಸದ ಓಣಿಯ ಕೆಲಸವನ್ನು ‘ಸೌಂದರ್ಯೀಕರಣ’ ಎಂದು ಕೇಳುವುದಕ್ಕಿಂತ ನೈರ್ಮಲ್ಯದ ಕಾಮಗಾರಿಯಾಗಿ ಕೇಳುವುದು ಸರಿಯಾದ ದಾರಿ. ವಾಸ್ತವವಾಗಿಯೂ ಅದು ಅದೇ. ಪಾಲಿಕೆಯ ಸ್ವಂತ ನಿಧಿಯಲ್ಲಿ 24.10 ಶೇಕಡಾ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, 7.25 ಶೇಕಡಾ ಇತರೆ ಬಡವರಿಗೆ, 5 ಶೇಕಡಾ ಅಂಗವಿಕಲರಿಗೆ ಮೀಸಲಿದೆ. ನಿಮ್ಮ ಬಡಾವಣೆಗೆ ತಾಗಿದಂತೆ ಪರಿಶಿಷ್ಟರ ಕಾಲೋನಿಯಿದ್ದು ಅದರ ಚರಂಡಿಯೂ ನಿಮ್ಮದೂ ಒಂದೇ ಆಗಿದ್ದರೆ, ಕಾಲೋನಿಯ ಜನರೊಂದಿಗೆ ಕೂತು ಇಡೀ ಸಾಲಿಗೆ ಒಂದು ಪ್ರಸ್ತಾವನೆ ಕೊಡಿ. ಕಾಲೋನಿಯ ಭಾಗ ಆ ಮೀಸಲಿನಿಂದಲೂ ನಿಮ್ಮ ಭಾಗ ಸಾಮಾನ್ಯ ನಿಧಿಯಿಂದಲೂ ಆಗಲಿ. ಅವರ ಹೆಸರಿನಲ್ಲಿ ನಿಮ್ಮ ರಸ್ತೆಗೆ ಹಣ ತರುವ ಯೋಚನೆ ಮಾತ್ರ ಎಂದೂ ಬೇಡ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿ ತೀರ್ಮಾನ ನಿಮ್ಮದಾಗಿರುವುದಿಲ್ಲ.

ಕಾಲದ ಲೆಕ್ಕ ತಪ್ಪಿದರೆ ಇಷ್ಟೆಲ್ಲ ತಿಳಿದೂ ಪ್ರಯೋಜನವಿಲ್ಲ. ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಕ್ರಿಯಾಯೋಜನೆಗೆ ಸೇರದ ಕಾಮಗಾರಿ ನಡೆಯುವುದಿಲ್ಲ. ಬಜೆಟ್ ಪೂರ್ವಭಾವಿ ಸಭೆಯನ್ನು ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಹೊತ್ತಿಗೆ ಕರೆಯುತ್ತಾರೆ. ಹೆಚ್ಚಿನ ಸಂಘಗಳು ಅಲ್ಲಿಗೆ ಹೋಗಿ ಮೈಕಿನಲ್ಲಿ ಎರಡು ನಿಮಿಷ ಮಾತನಾಡಿ ಮನವಿ ಪತ್ರ ಕೊಟ್ಟು ಬರುತ್ತವೆ. ನೀವು ಅಕ್ಟೋಬರಿನಲ್ಲಿಯೇ ವಲಯ ಕಚೇರಿಯ ಕಿರಿಯ ಎಂಜಿನಿಯರ್ ಅವರನ್ನು ಸ್ಥಳಕ್ಕೆ ಕರೆತನ್ನಿ. ಚರಂಡಿ ಎಲ್ಲಿ ಕಟ್ಟಿಕೊಳ್ಳುತ್ತದೆ, ನೀರಿನ ಇಳಿಜಾರು ಯಾವ ಕಡೆಗೆ ಎಂಬುದನ್ನು ಅವರ ಜೊತೆ ನಡೆದು ತೋರಿಸಿ, ಇಲಾಖೆಯ ದರಪಟ್ಟಿಯ ಪ್ರಕಾರ ಅಂದಾಜು ಪಟ್ಟಿ ಮಾಡಿಕೊಡುವಂತೆ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆಯಿರಿ. ಮೊತ್ತ ನಮೂದಾಗಿರುವ ಅಂದಾಜು ಪಟ್ಟಿಯೊಂದಿಗೆ ಹೋದ ಬೇಡಿಕೆಗೂ ಬರಿಯ ಮನವಿಗೂ ಸಿಗುವ ಮರ್ಯಾದೆಯೇ ಬೇರೆ. ಕಾಮಗಾರಿ ಮಂಜೂರಾದ ಮೇಲೆ ಕಾರ್ಯಾದೇಶದ ಪ್ರತಿ, ಎಂ.ಬಿ. ಎನ್ನುವ ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂಬ ವಿವರ ಇವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ; 30 ದಿನಗಳಲ್ಲಿ ಉತ್ತರ ಬರಬೇಕು. ಮೊದಲ ಮಳೆಗೆ ಕುಸಿದ ಚರಂಡಿಯನ್ನು ಆ ಅವಧಿಯೊಳಗೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕೆಂಬುದು ಎಷ್ಟೋ ನಿವಾಸಿಗಳಿಗೆ ಗೊತ್ತಿರುವುದಿಲ್ಲ.

ಇದಕ್ಕೂ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ: ನಿಮ್ಮ ಬಡಾವಣೆ ಪಾಲಿಕೆಗೆ ವಿಧಿಬದ್ಧವಾಗಿ ಹಸ್ತಾಂತರವಾಗಿದೆಯೇ? ಖಾಸಗಿಯವರು ಅಥವಾ ಗೃಹನಿರ್ಮಾಣ ಸಹಕಾರ ಸಂಘಗಳು ಮಾಡಿದ ಎಷ್ಟೋ ಬಡಾವಣೆಗಳು ವರ್ಷಗಟ್ಟಲೆ ಹಸ್ತಾಂತರವಾಗದೆ ಉಳಿದಿರುತ್ತವೆ. ಅಂಥ ಕಡೆ ರಸ್ತೆ, ಉದ್ಯಾನಗಳಿಗೆ ಪಾಲಿಕೆ ಹಣ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ. ಆದ್ದರಿಂದ ಅಧಿಕಾರಿ ‘ಆಗುವುದಿಲ್ಲ’ ಎಂದರೆ ಅದು ಯಾವಾಗಲೂ ಅಸಡ್ಡೆಯಲ್ಲ. ಉದ್ಯಾನದ ಜಾಗ ಯಾರ ಹೆಸರಿನಲ್ಲಿದೆ ಎಂಬ ದಾಖಲೆಯೂ ಕೈಯಲ್ಲಿರಲಿ. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಅಂಥ ಜಾಗಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ರಕ್ಷಿಸುತ್ತದೆ; ಸಂಘದ ಕಚೇರಿಯನ್ನೋ ಗುಡಿಯನ್ನೋ ಅಲ್ಲಿ ಕಟ್ಟುವ ಆಲೋಚನೆ ಯಾರಿಗಾದರೂ ಇದ್ದರೆ ಈಗಲೇ ಕೈಬಿಡುವುದು ಒಳ್ಳೆಯದು.

ನಮ್ಮಲ್ಲಿ ಇಂಥದ್ದು ನಡೆದೇ ಇಲ್ಲವೆಂದು ತಿಳಿಯಬೇಡಿ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಪಾಲಿಕೆಯ ಹಣದಿಂದ ಕೆರೆಯ ಪುನರುಜ್ಜೀವನದ ಕೆಲಸ ನಡೆಯುವಾಗ ಜೊತೆಗಿದ್ದು, 2011ರಲ್ಲಿ ನಿರ್ವಹಣೆಯ ಒಡಂಬಡಿಕೆಗೆ ಸಹಿ ಹಾಕಿದರು. ನಿಮ್ಮ ಊರಿನ ಕುಂಬಾರಕೊಪ್ಪಲಿನ ಘನತ್ಯಾಜ್ಯ ಘಟಕವನ್ನು ವಾರ್ಡ್ ನಿವಾಸಿಗಳ ಒಕ್ಕೂಟವೂ ಸ್ತ್ರೀಶಕ್ತಿ ಸಂಘದ ಮಹಿಳೆಯರೂ ನಡೆಸಿ ಹೆಸರು ತಂದರು. ಒಮ್ಮೆ ಹೋಗಿ ನೋಡಿ. ಪುಣೆಯ ಪಾಲಿಕೆ 2006ರಿಂದ, 5 ಲಕ್ಷ ರೂಪಾಯಿ ಮೀರದ ಸ್ಥಳೀಯ ಕಾಮಗಾರಿಗಳನ್ನು ನಾಗರಿಕರೇ ಅರ್ಜಿ ಹಾಕಿ ಸೂಚಿಸುವ ಪದ್ಧತಿ ನಡೆಸುತ್ತಿದೆ. ಮೈಸೂರಿನ ಎಲ್ಲ ಬಡಾವಣೆಗಳ ಸಂಘಗಳು ಒಟ್ಟಾಗಿ ಬಜೆಟ್ ಪೂರ್ವಭಾವಿ ಸಭೆಯಲ್ಲಿ ಒತ್ತಾಯಿಸಬೇಕಾದದ್ದು ಇದನ್ನೇ: ಪ್ರತಿ ವಾರ್ಡಿಗೆ, ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ಮುಂಚಿತವಾಗಿ ಘೋಷಿಸಿದ, ಪ್ರತಿ ವರ್ಷವೂ ಬರುವ, ನಿವಾಸಿಗಳ ಸಭೆಯ ನಿರ್ಣಯದಂತೆ ಮಾತ್ರ ಖರ್ಚಾಗುವ ಹಣ. ನಿಮ್ಮ ಚರಂಡಿಗೊಂದು ಅನುದಾನ ಪಡೆಯುವುದಕ್ಕಿಂತ ಈ ಒಂದು ಪದ್ಧತಿಯನ್ನು ಗೆಲ್ಲುವುದು ದೊಡ್ಡದು.

ಇನ್ನು ನಿಮ್ಮ ಸಂಘದ ಹಣದ ಪ್ರಶ್ನೆ. ಕಾಂಪೌಂಡಿಗೆ ಹಾಕಬೇಡಿ. ಪಾಲಿಕೆಯ ಆಸ್ತಿಗೆ ಗೋಡೆ ಕಟ್ಟುವುದು ಪಾಲಿಕೆಯ ಕೆಲಸ. ಅನುಮತಿಯಿಲ್ಲದೆ ನೀವು ಕಟ್ಟಿದರೆ ನಾಳೆ ಅದನ್ನೇ ಒತ್ತುವರಿ ಎನ್ನಲೂಬಹುದು. ಆ ಹಣದಿಂದ ಒಬ್ಬರನ್ನು ಅರೆಕಾಲಿಕವಾಗಿ ನೇಮಿಸಿಕೊಂಡು ಪ್ರತಿ ಮನೆಗೂ ಕಳುಹಿಸಿ. ಮಹಡಿಯ ಬಾಡಿಗೆ ಮನೆಗಳಿಗೆ, ಪಿ.ಜಿ.ಗಳಿಗೆ, ಬೀದಿ ಬದಿಯ ತರಕಾರಿ ಗಾಡಿಯವರ ಬಳಿಗೆ, ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಬಳಿಗೂ ಅವರು ಹೋಗಲಿ. ಓಣಿಯಲ್ಲಿ ಕಸ ಯಾವ ಹೊತ್ತಿಗೆ ಯಾವ ಕಡೆಯಿಂದ ಬಂದು ಬೀಳುತ್ತದೆ ಎಂಬುದು ಸಂಘದ ಪದಾಧಿಕಾರಿಗಳಿಗಿಂತ ಗುಡಿಸುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಉದ್ಯಾನದ ಬೀಗ ತೆಗೆಸಬೇಕೆಂಬ ಆಸೆ ಬಾಡಿಗೆ ಮನೆಯ ಮಕ್ಕಳಿಗೆ ನಿಮಗಿಂತ ಹೆಚ್ಚಿರಬಹುದು. ಸಭೆಯನ್ನು ಒಮ್ಮೆ ಭಾನುವಾರ ಬೆಳಿಗ್ಗೆ, ಒಮ್ಮೆ ವಾರದ ನಡುವೆ ರಾತ್ರಿ ಊಟದ ಹೊತ್ತಿನ ನಂತರ ಇಟ್ಟು, ಎರಡಕ್ಕೂ ಬಾರದವರ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆದಿಡಿ. ಸಂಘ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಣಿಯಾಗಿಲ್ಲದಿದ್ದರೆ ಅದನ್ನೂ ಈ ಹಣದಿಂದಲೇ ಮಾಡಿಸಿ, ಏಕೆಂದರೆ ನಾಳೆ ಉದ್ಯಾನದ ನಿರ್ವಹಣೆಗೆ ಪಾಲಿಕೆಯೊಂದಿಗೆ ಒಡಂಬಡಿಕೆ ಮಾಡಿಕೊಳ್ಳುವಾಗ ನೋಂದಣಿಯ ಪ್ರತಿಯನ್ನೂ ಲೆಕ್ಕಪತ್ರವನ್ನೂ ಕೇಳುತ್ತಾರೆ. ಏನಾದರೂ ಉಳಿದರೆ ಉದ್ಯಾನ ತೆರೆದ ಮೇಲೆ ಗಿಡಗಳಿಗೆ ನೀರುಣಿಸುವವರ ಸಂಬಳಕ್ಕೆ ಎತ್ತಿಡಿ. ಕಾಮಗಾರಿಗೆ ಪಾಲಿಕೆಯಲ್ಲಿ ಹಣ ಸಿಗುತ್ತದೆ, ನಿತ್ಯದ ನಿರ್ವಹಣೆಗೆ ಸಿಗುವುದು ಕಷ್ಟ.